‘ಬರೀರಿ ಅಕ್ಕಾ’ ಅಂದರೆ ಒಪ್ಪಿಗೆ ಆಯ್ತಾ?

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅದರ ಆಸುಪಾಸಿನಲ್ಲಿ ಕಾಲೇಜುಗಳ ಗೋಡೆ ಪತ್ರಿಕೆಗಳು ವಿಶೇಷ ಸಂಚಿಕೆ ತರುತ್ತವೆ, ಅದಾದ ಮೇಲೆ ನನ್ನ ಹತ್ತಿರ ಆಪ್ತ ಸಲಹೆಗೆ ಮಕ್ಕಳು ಬರುತ್ತಾರೆ. ಲೇಖನ ಓದಿ ‘ನನಗೂ ಹಿಂಗೇ ಆಗ್ತದ’ ಅಂತ ಬಂದವರಾದರೆ ಖುಷಿಯೇ. ಆದರೆ ಕೆಲವರು ಆ ಲೇಖನದೊಳಗೆ ತಾವೇ ಇದ್ದಾರೆ ಅಂತ ಬರುತ್ತಾರೆ. ಇದು ಅಂಥ ಒಬ್ಬಳ ಪ್ರಕರಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬಾಗಲಕೋಟೆಯ ಒಂದು ಡಿಗ್ರಿ ಕಾಲೇಜು. ಹುಡುಗಿ ಬಿ.ಎ. ಮೊದಲ ಸೆಮಿಸ್ಟರ್, ಹುನಗುಂದ ಕಡೆಯವಳು, ನವನಗರದಲ್ಲಿ ಹಾಸ್ಟೆಲ್. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬೆಳಗಿನ ಜಾವ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಪತ್ರಿಕೋದ್ಯಮ ಓದುವ ಕೊನೆಯ ವರ್ಷದ ಒಬ್ಬಳು, ಗೋಡೆ ಪತ್ರಿಕೆಯ ಸಂಪಾದಕಿ, ಇದನ್ನು ಕೇಳಿ ಬರೆದಳು. ಹೊಸದಾಗಿ ಸೇರಿದವರಿಗೆ ಖಿನ್ನತೆ ಅಂದರೇನು ಅಂತ ತಿಳಿಯಲಿ ಅನ್ನುವುದೇ ಉದ್ದೇಶ. ಹೆಸರು ಬದಲಿಸಿದ್ದಳು, ನಲ್ಲಿಯ ವಿಷಯ ಮಾತ್ರ ಹಾಗೇ ಇತ್ತು. ಅಷ್ಟು ಸಾಕಲ್ವಾ? ಮಧ್ಯಾಹ್ನದೊಳಗೆ ಹಾಸ್ಟೆಲ್ಲಿಗೆಲ್ಲ ಗೊತ್ತಾಯಿತು, ಸಂಜೆಗೆ ಯಾರೋ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರು.

ಸಿಟ್ಟು ಮಾಡಿಕೊಂಡು ಬಂದಿರುತ್ತಾಳೆ ಅಂದುಕೊಂಡಿದ್ದೆ. ಅವಳು ಮೊಬೈಲಿನಲ್ಲಿ ಅದೇ ಫೋಟೊ ತೆಗೆದು, ಎರಡು ಬೆರಳಿನಿಂದ ದೊಡ್ಡದು ಮಾಡಿ, ಕೊನೆಯ ಪ್ಯಾರಾ ನನ್ನ ಮುಂದೆ ಹಿಡಿದಳು. ‘ನಾವೆಲ್ಲ ಅವಳ ಜೊತೆಗಿರೋಣ’ ಅಂತ ಮುಗಿದಿತ್ತು.

“ಅಕ್ಕನ ಮ್ಯಾಲೆ ಸಿಟ್ಟಿಲ್ರಿ ಮೇಡಂ. ನಾ ಅಳೋದು ಎಲ್ಲಾರಿಗೂ ಗೊತ್ತಾತು. ಆದ್ರ ಇದಕ್ಕ ಯಾವ ದವಾಖಾನಿಗೆ ಹೋಗಬೇಕು, ಅಲ್ಲಿ ಏನ್ ಕೇಳ್ತಾರ, ಅದು ಇದ್ರಾಗ ಎಲ್ಲೈತ್ರಿ?”

ಎಲ್ಲೂ ಇರಲಿಲ್ಲ. ಉದ್ದಕ್ಕೂ ಕಣ್ಣೀರು, ಒಂದು ಫೋನ್ ನಂಬರ್ ಇಲ್ಲ.

ಬರೆಯಲು ನೀನೇ ಒಪ್ಪಿದ್ದೆಯಂತಲ್ಲ ಅಂದೆ. “ಹೂಂ, ಬರೀರಿ ಅಕ್ಕಾ ಅಂದ್ನಿ. ಬ್ಯಾಡ ಅನ್ನಾಕ ಹೆಂಗ್ ಬರ್ತೈತ್ರಿ? ನಾ ಬಂದ ದಿನ ನನ್ನ ಟ್ರಂಕ್ ಮ್ಯಾಲಿನ ರೂಮಿಗೆ ಹೊತ್ಕೊಂಡ್ ಬಂದಾವ್ರು ಅವ್ರು.”

ಈ ಮಾತಿನ ಮೇಲೆಯೇ ನನ್ನ ಸಲಹೆ ನಿಂತಿದ್ದು. ಹಾಸ್ಟೆಲ್ಲಿನಲ್ಲಿ ಅಕ್ಕ ಕೇಳಿದ್ದಕ್ಕೆ ಮೊದಲ ವರ್ಷದವಳು ಇಲ್ಲ ಅನ್ನುವುದಿಲ್ಲ. ಅದರಲ್ಲೂ ಮನಸ್ಸು ಕುಗ್ಗಿದಾಗ, ಯಾರೋ ಒಬ್ಬರು ಕೂತು ಕೇಳುತ್ತಿದ್ದಾರಲ್ಲ ಅನ್ನುವ ಸಮಾಧಾನಕ್ಕೇ ಯಾವುದಕ್ಕೂ ಹೂಂ ಅಂದುಬಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅನ್ನುತ್ತದೆ. ಕಾಲೇಜಿನ ಗೋಡೆಗೆ ಅದು ಅನ್ವಯಿಸುತ್ತೋ ಇಲ್ಲವೋ ಅಂತ ವಾದ ಮಾಡುತ್ತ ಕೂರಬೇಕಾಗಿಲ್ಲ, ಅದರ ಹಿಂದಿನ ನ್ಯಾಯ ಒಂದೇ.

ಹುಡುಗಿಗೆ, ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಅಂಥದ್ದಿಲ್ಲ ಅಂದಳು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡು, ಅವ್ವನಿಗೆ ಫೋನ್ ಮಾಡಿ ಹೇಳು, ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಕರೆ ಮಾಡು ಅಂದೆ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಂಪಾದಕಿಯನ್ನು ಬೇರೆ ದಿನ ಕರೆಸಿದೆ. ಪತ್ರಿಕೆ ನಿಲ್ಲಿಸು ಅನ್ನಲಿಲ್ಲ. ಯಾರಿಗೆ ಆಗಿದೆ ಅಂತ ಬರೆಯಬೇಡ, ಆದಾಗ ಏನು ಮಾಡಬೇಕು ಅಂತ ಬರಿ ಅಂದೆ. ನೀನೇ ಹೋಗಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು ನೋಡು, ಅಲ್ಲಿರುವವರ ಸುದ್ದಿಗೆ ಹೋಗದೆ ವೈದ್ಯರನ್ನು ಕೇಳು. ಮಾತ್ರೆ ಕೆಲಸ ಮಾಡಲು ಎಷ್ಟು ವಾರ ಹಿಡಿಯುತ್ತದೆ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ, ಅದನ್ನು ಬರಿ. ಯಾರಾದರೂ ತಮ್ಮದೇ ಕಥೆ ಕೊಡುತ್ತೇನೆ ಅಂದರೂ, ಗುಣವಾಗಿ ಒಂದಷ್ಟು ತಿಂಗಳು ಕಳೆಯಲಿ. ಆಮೇಲೆ ನೀನಲ್ಲದೆ ಬೇರೆ ಯಾರಾದರೂ ಅವರನ್ನು ಕೇಳಲಿ.

ಅವರ ಉಪನ್ಯಾಸಕರೊಬ್ಬರಿಗೆ ಇದು ಹಿಡಿಸಲಿಲ್ಲ. ಮುಚ್ಚಿಡುವುದರಿಂದಲೇ ನಾಚಿಕೆ ಜಾಸ್ತಿ ಆಗೋದು, ಕಥೆ ಇಲ್ಲದಿದ್ದರೆ ಮಕ್ಕಳು ಓದಲ್ಲ ಅಂದರು. ಓದಲ್ಲ, ಒಪ್ಪುತ್ತೇನೆ. ಆದರೆ ನಾಚಿಕೆ ಕಳೆಯುವ ಕೆಲಸವನ್ನು ಹದಿನೆಂಟು ವರ್ಷದ, ಇನ್ನೂ ನಿದ್ದೆಯೇ ಬಾರದ ಹುಡುಗಿಯ ತಲೆಗೆ ಕಟ್ಟುವುದು ಯಾವ ಧೈರ್ಯ? ಅಷ್ಟು ಬೇಕಿದ್ದರೆ ಮೇಷ್ಟ್ರುಗಳೇ ತಮ್ಮ ಕಥೆ ಬರೆಯಬಹುದು. ಈ ಮಾತು ಅವರೆದುರಿಗೂ ಹೇಳಿದೆ, ಮುಖ ಸಪ್ಪಗಾಯಿತು, ಆಗಲಿ.

ಮುಂದಿನ ಸಂಚಿಕೆಯ ಮುಂದೆ ಗುಂಪೇನೂ ಸೇರಲಿಲ್ಲ. ಚೀಟಿ ಎಲ್ಲಿ ಮಾಡಿಸಬೇಕು, ವೈದ್ಯರು ಮೊದಲು ಏನು ಕೇಳುತ್ತಾರೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಇಷ್ಟೇ ಅದರಲ್ಲಿದ್ದದ್ದು. ಅಂಟಿಸುವ ಮುಂಚೆ ಸಂಪಾದಕಿ ಅದನ್ನು ಆ ಹುಡುಗಿಗೆ ತೋರಿಸಿದ್ದಳಂತೆ. ಅವಳು ಒಂದು ಸಾಲು ಸೇರಿಸಿದಳು: ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ, ಹೊರಗೆ ಬಹಳ ಹೊತ್ತು ಕೂರಬೇಕಾಗುತ್ತದೆ.

ಅವಳು ಸೆಮಿಸ್ಟರ್ ಪರೀಕ್ಷೆ ಬರೆದಳು, ಒಂದು ವಿಷಯ ಉಳಿದಿದೆ. ಮಾತ್ರೆ ನಡೆಯುತ್ತಿದೆ, ನಿಲ್ಲಿಸುವ ಮಾತನ್ನು ವೈದ್ಯರು ಇನ್ನೂ ಎತ್ತಿಲ್ಲ.