ಬ್ಯಾಂಕಿನ ಕೌಂಟರ್‌ನಲ್ಲಿ ಜಗಳ ಬೇಡ, ಆದೇಶದ ಪ್ರತಿ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷಯದ್ದು. ತೆರಿಗೆ ಬಾಕಿ ಅಂತ ಖಾತೆ ಹಿಡಿದಿದ್ದಾರೆ, ಇಲ್ಲವೇ ಹಿಡಿಯುತ್ತಾರೆ ಅಂತ ಭಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಇದನ್ನಷ್ಟೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಾನು ತೋರಣಗಲ್ಲಿನಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ ಮೆಂಟೆನೆನ್ಸ್ ಸೂಪರ್‌ವೈಸರ್. ಈಗ ಸಂಬಳ 52,000 ರೂಪಾಯಿ. ಹೋದ ವಾರ ಎಟಿಎಂಗೆ ಹೋದರೆ ದುಡ್ಡು ಬರಲಿಲ್ಲ. ಖಾತೆಯಲ್ಲಿ 57 ಸಾವಿರ ಇದೆ, ಅದರಲ್ಲಿ 49 ಸಾವಿರಕ್ಕೆ ಲಿಯನ್ (ತೆಗೆಯದಂತೆ ತಡೆ) ಬಿದ್ದಿದೆ. ಬ್ಯಾಂಕಿನವರನ್ನು ಕೇಳಿದರೆ 'ಇನ್‌ಕಮ್ ಟ್ಯಾಕ್ಸ್‌ನವರ ನೋಟಿಸ್, ನಮ್ಮ ಕೈಯಲ್ಲಿಲ್ಲ' ಅಂದರು. ಆದಾಯ ತೆರಿಗೆ ಪೋರ್ಟಲ್ ತೆಗೆಸಿ ನೋಡಿದೆ. 2022-23ರಲ್ಲಿ ನಾನಿದ್ದ ಹಳೇ ಗುತ್ತಿಗೆದಾರರು ತಿಂಗಳಿಗೆ 2,850ರಂತೆ ವರ್ಷಕ್ಕೆ 34,200 ರೂಪಾಯಿ ಟಿಡಿಎಸ್ ಹಿಡಿದಿದ್ದರು, ಆದರೆ ಸರ್ಕಾರಕ್ಕೆ ಕಟ್ಟಿಯೇ ಇಲ್ಲ. ಅದನ್ನೇ ನನ್ನ ಬಾಕಿ ಅಂತ ತೋರಿಸಿದ್ದಾರೆ, ಮೇಲೆ ಬಡ್ಡಿ ಬೇರೆ. ನನಗೆ ಒಂದು ನೋಟಿಸೂ ಬಂದಿಲ್ಲ. ಇನ್ನು ಮುಂದೆ ಪೂರ್ತಿ ಸಂಬಳ ಹಿಡಿಯುತ್ತಾರಾ? ಮಗನ ಸ್ಕೂಲ್ ಫೀಸ್ ಕಟ್ಟಬೇಕು.

ಉತ್ತರ: ತಮ್ಮಾ, ಬಾಕಿಯಲ್ಲಿ ಟಿಡಿಎಸ್‌ನ ಭಾಗ ನೀವು ಕಟ್ಟಬೇಕಾದ ದುಡ್ಡೇ ಅಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇವತ್ತು ರಾತ್ರಿ ಸ್ವಲ್ಪ ನಿದ್ದೆ ಮಾಡಿ. 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಸ್ಪಷ್ಟವಾಗಿದೆ. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿದಿದ್ದಾರೋ ಅಷ್ಟನ್ನು ಮತ್ತೆ ನೌಕರನಿಂದ ಕೇಳುವಂತಿಲ್ಲ. ಹಿಡಿದವರು ಕಟ್ಟದಿದ್ದರೆ ಇಲಾಖೆ ಹಿಡಿದವರ ಬೆನ್ನು ಹತ್ತಬೇಕು. ಇಂಥ ಬಾಕಿಯನ್ನು ನೌಕರರಿಂದ ಒತ್ತಾಯವಾಗಿ ವಸೂಲಿ ಮಾಡಬಾರದು ಅಂತ ನೇರ ತೆರಿಗೆಗಳ ಕೇಂದ್ರ ಮಂಡಳಿಯೇ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಬರೆದಿದೆ. 2016ರ ಮಾರ್ಚ್ 11ರಂದು ಅದನ್ನೇ ಮತ್ತೊಮ್ಮೆ ಹೇಳಿದೆ. ಈ ಎರಡು ತಾರೀಖು ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಬೇಕಾಗುತ್ತದೆ.

ಹಾಗಿದ್ದರೂ ಲಿಯನ್ ಯಾಕೆ ಬಿತ್ತು? ಇಲಾಖೆಯ ಕಂಪ್ಯೂಟರ್ ನೋಡುವುದು 26ಎಎಸ್‌ನಲ್ಲಿ, ಅಂದರೆ ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಟಿಡಿಎಸ್ ಇದೆಯಾ ಇಲ್ಲವಾ ಅಂತ ಮಾತ್ರ. ಇಲ್ಲ ಅಂದರೆ ಬಾಕಿ ಅಂತ ಬರೆಯುತ್ತದೆ. ಗುತ್ತಿಗೆದಾರ ನಿಮ್ಮ ಸಂಬಳದಿಂದ ಹಿಡಿದ ಕಥೆ ಅದಕ್ಕೆ ಗೊತ್ತಿಲ್ಲ. ನೀವೇ ಹೇಳಬೇಕು, ಕಾಗದ ತೋರಿಸಿ ಹೇಳಬೇಕು.

ನೋಟಿಸ್ ಬಂದಿಲ್ಲ ಅಂದಿರಿ. ಆವತ್ತು ರಿಟರ್ನ್ಸ್ ಹಾಕಿಸಿದ್ದು ಎಲ್ಲಿ? ಸೈಬರ್ ಸೆಂಟರ್‌ನಲ್ಲಾ? ಹಾಗಿದ್ದರೆ ಪೋರ್ಟಲ್‌ನ ಪ್ರೊಫೈಲ್ ತೆಗೆದು ಇಮೇಲ್, ಮೊಬೈಲ್ ಯಾರದ್ದಿದೆ ನೋಡಿ. ನಮ್ಮ ಕಡೆ ಎಷ್ಟೋ ಜನರದ್ದು ಸೈಬರ್ ಸೆಂಟರ್‌ನ ಹುಡುಗನ ಇಮೇಲ್ ಇರುತ್ತದೆ. ಇಲಾಖೆ ಕಳಿಸಿದ್ದೆಲ್ಲ ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ಮೊದಲು ಅದನ್ನು ಬದಲಿಸಿ, ವಿಳಾಸವನ್ನೂ ಸರಿಮಾಡಿ.

ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಂಥ ಲಿಯನ್‌ಗಳನ್ನು ನನ್ನ ಕೈಯಾರೆ ಹಾಕಿದವಳು ನಾನು. ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ ಅದೇ ಕಾಯ್ದೆಯ 226(3)ರ ನೋಟಿಸ್, ಅಂದರೆ ಬಾಕಿದಾರರ ಖಾತೆಯ ದುಡ್ಡನ್ನು ಇಲಾಖೆಗೆ ಕೊಡಿ ಅನ್ನುವ ನೋಟಿಸ್ ಬಂದರೆ ಖಾತೆ ತೆಗೆದು, ಮೊತ್ತ ಹಾಕಿ, ಎಂಟರ್ ಒತ್ತುವುದು ನನ್ನ ಕೆಲಸವಾಗಿತ್ತು. ಒಂದು ಮೇ ತಿಂಗಳಲ್ಲಿ ಒಬ್ಬರು ಬಂದರು. ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ 22,000 ರೂಪಾಯಿ ಬೇಕಿತ್ತು. ವಿತ್‌ಡ್ರಾ ಸ್ಲಿಪ್ಪನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದರು, ಬೆವರಿಗೆ ಇಂಕು ಹರಡಿ 22 ಅನ್ನುವುದೂ ಕಾಣುತ್ತಿರಲಿಲ್ಲ. ನೋಟಿಸಿನ ಪ್ರತಿ ಅವರಿಗೂ ಹೋಗಿತ್ತು, ಆದರೆ ಕೌಲ್‌ಬಜಾರ್‌ನ ಹಳೇ ಬಾಡಿಗೆ ಮನೆಗೆ. ಅವರು ಅದನ್ನು ಬಿಟ್ಟು ಮೂರು ವರ್ಷ ಆಗಿತ್ತು. 'ನಮ್ಮ ಕೈಯಲ್ಲಿಲ್ಲ' ಅಂತ ನಾನೂ ಹೇಳಿದೆ, ನಿಮ್ಮ ಬ್ಯಾಂಕಿನವರು ಹೇಳಿದ ಹಾಗೆಯೇ. ಅವರು ಸುಮ್ನೆ ಎದ್ದು ಹೋದರು. ಆಮೇಲೆ ಗೊತ್ತಾಯಿತು, ಅವರ ಟಿಡಿಎಸ್ ಬೇರೆ ವರ್ಷಕ್ಕೆ ಜಮೆ ಆಗಿತ್ತು ಅಷ್ಟೇ, ಒಂದು ತಿದ್ದುಪಡಿ ಅರ್ಜಿಯ ಕೆಲಸ. ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು ಅಂತ ಎರಡು ನಿಮಿಷ ಹೇಳಬಹುದಿತ್ತು, ನಾನು ಹೇಳಲಿಲ್ಲ. ಆ ಎರಡು ನಿಮಿಷದ ಮಾತನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ನೋಟಿಸ್ ಬಂದ ಮೇಲೆ ಅವರು ನಿಮಗೆ ದುಡ್ಡು ಕೊಟ್ಟರೆ ಆ ಬಾಕಿಗೆ ಬ್ಯಾಂಕೇ ಹೊಣೆ ಆಗುತ್ತದೆ. ಹಾಗಾಗಿ ಅಲ್ಲಿ ಕೂಗಾಡಿ ಪ್ರಯೋಜನವಿಲ್ಲ. ಆದರೆ ಎರಡು ವಿಷಯ ಅವರಿಂದ ಪಡೆಯಬಹುದು, ಪಡೆಯಲೇಬೇಕು. ನೋಟಿಸಿನ ಪ್ರತಿ ಒಂದು. ಅದರಲ್ಲಿ ಯಾವ ಅಧಿಕಾರಿ, ಯಾವ ವರ್ಷ, ಎಷ್ಟು ಮೊತ್ತ ಎಲ್ಲ ಇರುತ್ತದೆ. ಇನ್ನೊಂದು, ದುಡ್ಡು ಇನ್ನೂ ಖಾತೆಯಲ್ಲೇ ಇದೆಯಾ, ಇಲಾಖೆಗೆ ಹೋಗಿಬಿಟ್ಟಿದೆಯಾ ಅನ್ನುವ ಉತ್ತರ. ಇದ್ದರೆ ಬಿಡಿಸುವುದು ಸುಲಭ. ಹೋಗಿದ್ದರೆ ವಾಪಸ್ ತರಿಸುವುದು ಉದ್ದದ ದಾರಿ. ಅದಕ್ಕೇ ಈ ವಾರವೇ ಹೋಗಿ.

ನೋಟಿಸ್ ಹಿಂದಕ್ಕೆ ಪಡೆಯುವ, ಮೊತ್ತ ಕಡಿಮೆ ಮಾಡುವ ಅಧಿಕಾರ ಅದನ್ನು ಹೊರಡಿಸಿದ ಅಧಿಕಾರಿಗೇ ಇದೆ. ಅವರಿಗೆ ಕೊಡುವ ಅರ್ಜಿ ಒಂದು ಪುಟ ಸಾಕು. ಹೀಗೆ ಬರೆಯಿರಿ: 'ನನ್ನ ಪ್ಯಾನ್ ಇಂಥದ್ದು. 2022-23ರಲ್ಲಿ ಇಂಥವರ ಬಳಿ ಕೆಲಸ ಮಾಡಿದ್ದೇನೆ. ಅವರು ನನ್ನ ಸಂಬಳದಿಂದ 34,200 ರೂ. ಟಿಡಿಎಸ್ ಹಿಡಿದಿದ್ದಾರೆ, ಪೇ ಸ್ಲಿಪ್ ಲಗತ್ತಿಸಿದೆ. 205ನೇ ಸೆಕ್ಷನ್ ಹಾಗೂ ಮಂಡಳಿಯ 1-6-2015 ಮತ್ತು 11-3-2016ರ ಸೂಚನೆಗಳ ಪ್ರಕಾರ ಈ ಮೊತ್ತವನ್ನೂ ಅದರ ಬಡ್ಡಿಯನ್ನೂ ನನ್ನಿಂದ ವಸೂಲಿ ಮಾಡಬಾರದೆಂದು, ಬ್ಯಾಂಕಿಗೆ ನೀಡಿದ ನೋಟಿಸನ್ನು ಹಿಂಪಡೆಯಬೇಕೆಂದು ಕೋರುತ್ತೇನೆ.' ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಜೊತೆಗೆ ಪೋರ್ಟಲ್‌ನಲ್ಲಿ 'ಪೆಂಡಿಂಗ್ ಆಕ್ಷನ್ಸ್' ಒಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ಇದೆ. ಅಲ್ಲಿ 'ಡಿಸ್‌ಅಗ್ರೀ' ಆರಿಸಿ ಇದೇ ಕಾರಣ ಬರೆಯಿರಿ. ಸುಮ್ಮನಿದ್ದರೆ ನೀವು ಒಪ್ಪಿದ ಹಾಗೆ ಕಾಣುತ್ತದೆ.

ನಿಮ್ಮ ಪ್ರಕರಣ ನಿಂತಿರುವುದೇ ಪೇ ಸ್ಲಿಪ್‌ಗಳ ಮೇಲೆ. ಹನ್ನೆರಡು ತಿಂಗಳದ್ದೂ ಹುಡುಕಿ. ಸಿಕ್ಕದ ತಿಂಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ, ಕೈಗೆ ಬಂದ ಮೊತ್ತ ಅದರಲ್ಲಿರುತ್ತದೆ. ಆಫರ್ ಲೆಟರ್‌ನಲ್ಲಿರುವ ಸಂಬಳಕ್ಕೂ ಅದಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಸಾಕ್ಷಿ. ಹಳೇ ಗುತ್ತಿಗೆದಾರರು ಟೈಪ್ ಮಾಡಿಕೊಟ್ಟ ಫಾರ್ಮ್ 16 ಇದ್ದರೆ ಅದನ್ನೂ ಇಡಿ. ಆದರೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಬರುವ 'ಎ' ಭಾಗ ಅದರಲ್ಲಿ ಇರುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ.

ಸಂಬಳದ ಪ್ರಶ್ನೆ. ಪೂರ್ತಿ ಹಿಡಿಯುವಂತಿಲ್ಲ. ಮಾಲೀಕರಿಗೆ ನೋಟಿಸ್ ಕೊಟ್ಟು ಸಂಬಳದಿಂದ ಹಿಡಿಯಲು ಆದಾಯ ತೆರಿಗೆ ಕಾಯ್ದೆಯ 226(2)ರಲ್ಲಿ ಅವಕಾಶವಿದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಕಾಪಾಡಿದ ಭಾಗವನ್ನು ಮುಟ್ಟುವಂತಿಲ್ಲ. ಅಂದರೆ ಮೊದಲ 1,000 ರೂಪಾಯಿ, ಉಳಿದದ್ದರ ಮೂರರಲ್ಲಿ ಎರಡು ಪಾಲು ನಿಮ್ಮದೇ. ನಿಮ್ಮ 52,000ದಲ್ಲಿ 1,000 ಕಳೆದರೆ 51,000. ಅದರಲ್ಲಿ ಹೆಚ್ಚೆಂದರೆ 17,000 ಹಿಡಿಯಬಹುದು, 35,000 ನಿಮ್ಮ ಕೈಗೆ ಬರಲೇಬೇಕು. ಖಾತೆಗೆ ಬಿದ್ದ ಮೇಲೆ ಮಾತ್ರ ಬ್ಯಾಂಕಿನ ಕಂಪ್ಯೂಟರಿಗೆ ಸಂಬಳ ಯಾವುದು, ಬೇರೆ ದುಡ್ಡು ಯಾವುದು ಗೊತ್ತಾಗಲ್ಲ. ನೋಟಿಸ್ ಮುಂದೆ ಬರುವ ಜಮೆಗೂ ಅನ್ವಯಿಸುತ್ತದೆ. ನಿಮ್ಮಲ್ಲಿ ಬಾಕಿಯ ಪೂರ್ತಿ ಮೊತ್ತಕ್ಕೆ ಲಿಯನ್ ಬಿದ್ದಾಗಿದೆ, ಹಾಗಾಗಿ ಮುಂದಿನ ಸಂಬಳ ತೆಗೆಯಲು ತೊಂದರೆ ಆಗಬಾರದು. ಆದರೂ ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

(2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ನಿಮ್ಮ ಬಾಕಿ ಹಳೇ ವರ್ಷದ್ದು, ಅದಕ್ಕೇ ಹಳೇ ಸೆಕ್ಷನ್ ಸಂಖ್ಯೆಗಳನ್ನೇ ಕೊಟ್ಟಿದ್ದೇನೆ.)

ನಿಜವಾಗಿಯೂ ಬಾಕಿ ಇರುವ ಓದುಗರಿಗೆ ಇಲ್ಲೇ ಒಂದು ಮಾತು. ಡಿಮ್ಯಾಂಡ್ ನೋಟಿಸ್ ಕೈಗೆ ಬಂದ ಮೇಲೆ ಕಟ್ಟಲು 30 ದಿನ ಇರುತ್ತದೆ. ಅಷ್ಟರೊಳಗೇ ಕಂತು ಕೇಳಿ ಅರ್ಜಿ ಹಾಕಿ. 30 ದಿನ ದಾಟಿದರೆ ತಿಂಗಳಿಗೆ 1% ಬಡ್ಡಿ ಓಡುತ್ತದೆ. ಬಾಕಿ ಒಪ್ಪದೆ ಮೇಲ್ಮನವಿ ಹಾಕಿದವರಿಗೆ ಸಾಮಾನ್ಯವಾಗಿ 20% ಕಟ್ಟಿಸಿಕೊಂಡು ಉಳಿದದ್ದಕ್ಕೆ ತಡೆ ಕೊಡುತ್ತಾರೆ. ಆದರೆ ಆ ತಡೆಯನ್ನು ನೀವು ಬೇರೆಯಾಗಿ ಕೇಳಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ.

ಪ್ರಶ್ನೆ: ಬಳ್ಳಾರಿಯಲ್ಲಿ ಆರು ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತೇನೆ. ಆರ್ಡರ್ ಇಲ್ಲದ ಐದು ತಿಂಗಳು ಜಿಎಸ್‌ಟಿ ರಿಟರ್ನ್ಸ್ ಹಾಕಲಿಲ್ಲ. ಈಗ ಅಧಿಕಾರಿ ತಾವೇ ಲೆಕ್ಕ ಹಾಕಿ 2,18,000 ಕಟ್ಟಬೇಕು ಅಂತ ಆದೇಶ ಮಾಡಿದ್ದಾರೆ. ಅದು ಬಂದು 74 ದಿನ ಆಯ್ತು. ನನ್ನ ಲೆಕ್ಕದಲ್ಲಿ 30 ಸಾವಿರವೂ ಆಗಲ್ಲ. ಪಕ್ಕದ ಅಂಗಡಿಯವರ ಖಾತೆ ಹಿಡಿದಿದ್ದಾರೆ. ನಾನು ದುಡ್ಡೆಲ್ಲ ಹೆಂಡತಿ ಖಾತೆಗೆ ಹಾಕಿಬಿಡಲಾ?

ಉತ್ತರ: ಬೇಡ. ಖಂಡಿತ ಬೇಡ. ಬಾಕಿ ಇದೆ ಅಂತ ಗೊತ್ತಿದ್ದೂ ದುಡ್ಡು ಸಾಗಿಸಿದರೆ ನಾಳೆ ನಿಮ್ಮ ನಿಜವಾದ ಲೆಕ್ಕವನ್ನೂ ಯಾರೂ ನಂಬಲ್ಲ. ಹೆಂಡತಿಯನ್ನು ಇದರಲ್ಲಿ ಎಳೆಯಬೇಡಿ.

ನಿಮಗೆ ಬಂದಿರುವುದು ಎಎಸ್‌ಎಂಟಿ-13 ಆದೇಶ, ಅಂದರೆ ರಿಟರ್ನ್ಸ್ ಹಾಕದವರಿಗೆ ಅಧಿಕಾರಿ ಅಂದಾಜಿನಲ್ಲಿ ಮಾಡುವ ಆದೇಶ, ಜಿಎಸ್‌ಟಿ ಕಾಯ್ದೆಯ 62ನೇ ಸೆಕ್ಷನ್‌ನದು. ಇದನ್ನು ಅಳಿಸುವ ದಾರಿ ಕಾಯ್ದೆಯಲ್ಲೇ ಇದೆ. ಆದೇಶ ತಲುಪಿದ 60 ದಿನದೊಳಗೆ ಬಾಕಿ ಇರುವ ರಿಟರ್ನ್ಸ್ ಎಲ್ಲ ಹಾಕಿದರೆ ಆದೇಶ ತಾನಾಗಿಯೇ ಹಿಂಪಡೆದಂತೆ. 60 ದಾಟಿದರೆ, ದಿನದ ಲೆಕ್ಕದಲ್ಲಿ ಹೆಚ್ಚಿನ ತಡ ಶುಲ್ಕ ಕಟ್ಟಿ ಇನ್ನೂ 60 ದಿನದೊಳಗೆ ಹಾಕಬಹುದು. ನಿಮಗೆ 74 ಆಗಿದೆ. ಅಂದರೆ ಇನ್ನು 46 ದಿನ ಉಳಿದಿದೆ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಅದೂ ಕಡಿಮೆ ಆಗಿರುತ್ತದೆ. ಇವತ್ತೇ ಜಾಬ್‌ವರ್ಕ್ ಚಲನ್, ಬಿಲ್ ಬುಕ್ ತೆಗೆದುಕೊಂಡು ನಿಮ್ಮ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ಹೋಗಿ. ಕೆಲಸ ಇಲ್ಲದ ತಿಂಗಳಿಗೂ ಸೊನ್ನೆ ರಿಟರ್ನ್ ಹಾಕಲೇಬೇಕು. ಎಲ್ಲರೂ ಎಡವುವುದು ಅಲ್ಲೇ. ರಿಟರ್ನ್ ಹಾಕಿದ ಮೇಲೆ ನಿಮ್ಮ ನಿಜವಾದ ತೆರಿಗೆ, ಅದಕ್ಕೆ ವರ್ಷಕ್ಕೆ 18% ಬಡ್ಡಿ, ತಡ ಶುಲ್ಕ ಉಳಿಯುತ್ತವೆ. ಅದನ್ನು ಕಟ್ಟಿ. ಹೊಲಿಗೆಯವರ ಕೂಲಿ ಕೊಡಲು ಖಾತೆ ಬಿಡುವಾಗಿರುವುದೇ ಈಗ ಮುಖ್ಯ.

ಪಕ್ಕದ ಅಂಗಡಿಯವರದ್ದು ಬೇರೆ ರೀತಿಯ ಆದೇಶವಾಗಿದ್ದರೆ ಅವರಿಗೆ ಹೇಳಿ: ಆದೇಶ ತಲುಪಿದ ಮೂರು ತಿಂಗಳೊಳಗೆ, ತಕರಾರಿರುವ ತೆರಿಗೆಯ 10% ಕಟ್ಟಿ ಮೇಲ್ಮನವಿ ಹಾಕಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ತಕರಾರು ಇಲ್ಲ, ಒಟ್ಟಿಗೆ ಕಟ್ಟಲು ಆಗಲ್ಲ ಅಂದರೆ ಡಿಆರ್‌ಸಿ-20 ಅನ್ನುವ ಅರ್ಜಿಯಲ್ಲಿ ಕಂತು ಕೇಳಬಹುದು, ಹೆಚ್ಚೆಂದರೆ 24 ತಿಂಗಳು. ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಒಮ್ಮೆಲೇ ಬೀಳುತ್ತದೆ, ಹಾಗಾಗಿ ಕಟ್ಟಬಲ್ಲಷ್ಟೇ ಒಪ್ಪಿಕೊಳ್ಳಲಿ. ತಾವೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟದೆ ಬಿಟ್ಟ ತೆರಿಗೆಗೆ ಮಾತ್ರ ಕಂತು ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ಸಿಂಧನೂರು. ನಮ್ಮ ಮನೆಯವರ ಗೊಬ್ಬರದ ಅಂಗಡಿಯ ಆದಾಯ ತೆರಿಗೆ ಬಾಕಿಗೆ ಇಬ್ಬರ ಹೆಸರಿನ ಜಂಟಿ ಖಾತೆ ಹಿಡಿದಿದ್ದಾರೆ. ಅದರಲ್ಲಿ ನಾನು ಹಾಲು ಮಾರಿದ ದುಡ್ಡೂ ಇದೆ. ಅದೂ ಹೋಗುತ್ತದಾ?

ಉತ್ತರ: ತಂಗಿ, ಜಂಟಿ ಖಾತೆಯಲ್ಲಿ ಇಬ್ಬರದ್ದೂ ಸಮ ಪಾಲು ಅಂತ ಕಾಯ್ದೆ ಎಣಿಸುತ್ತದೆ, ಬೇರೆ ಅಂತ ಸಾಬೀತು ಮಾಡುವವರೆಗೆ. ನಿಮ್ಮದು ಅರ್ಧಕ್ಕಿಂತ ಜಾಸ್ತಿ ಇದ್ದರೆ ತೋರಿಸಿ. ಡೇರಿಯಿಂದ ಹದಿನೈದು ದಿನಕ್ಕೊಮ್ಮೆ ಬಿದ್ದ ಬಟವಾಡೆ ಪಾಸ್‌ಬುಕ್‌ನಲ್ಲಿ ಸಾಲಾಗಿ ಕಾಣುತ್ತದೆ. ಅವನ್ನೆಲ್ಲ ಗುರುತು ಮಾಡಿ, ಕೂಡಿಸಿ, ಹಾಲಿನ ಪುಸ್ತಕದ ಜೆರಾಕ್ಸ್ ಜೊತೆ ಅಧಿಕಾರಿಗೆ ನಿಮ್ಮ ಹೆಸರಿನಲ್ಲೇ ಅರ್ಜಿ ಕೊಡಿ. ಮನೆಯವರ ಅರ್ಜಿಯೊಳಗೆ ನಿಮ್ಮ ಮಾತು ಸೇರಿಸಬೇಡಿ, ಬೇರೆ ಹಾಳೆಯೇ ಇರಲಿ. ಹಾಲಿನ ದುಡ್ಡಿಗೆ ಇನ್ನು ಮುಂದೆ ನಿಮ್ಮೊಬ್ಬರದೇ ಖಾತೆ ಮಾಡಿಸಿ. ಅದು ನಿಮ್ಮ ದುಡಿಮೆ, ಹಾಗಾಗಿ ಅದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ನಾನು ಕೊಪ್ಪಳದ ನಿವೃತ್ತ ಶಿಕ್ಷಕ. ಸರ್ಕಾರಿ ಪಿಂಚಣಿ ಬರುತ್ತದೆ. 'ತೆರಿಗೆ ಬಾಕಿ 18,400. ಇಂದು ಸಂಜೆಯೊಳಗೆ ಕಟ್ಟದಿದ್ದರೆ ಪಿಂಚಣಿ ಜಪ್ತಿ' ಅಂತ ಲಿಂಕ್ ಸಮೇತ ಮೆಸೇಜ್ ಬಂದಿದೆ.

ಉತ್ತರ: ಮೇಷ್ಟ್ರೇ, ಆ ಲಿಂಕ್ ಮುಟ್ಟಬೇಡಿ. ಸಂಜೆಯೊಳಗೆ ಕಟ್ಟಿ ಅಂತ ಇಲಾಖೆ ಕೇಳುವುದಿಲ್ಲ. 30 ದಿನದ ಮಾತು ಮೇಲೆ ಬರೆದಿದ್ದೇನಲ್ಲ? ಸರ್ಕಾರಿ ಪಿಂಚಣಿಯನ್ನು ಮೇಲೆ ಹೇಳಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಜಪ್ತಿಯಿಂದ ಹೊರಗೇ ಇಟ್ಟಿದೆ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸ್‌ಗಳಿಗೆ ಡಿಐಎನ್ ಅನ್ನುವ ಸಂಖ್ಯೆ ಇರುತ್ತದೆ. ಅದು ಅಸಲಿಯೋ ನಕಲಿಯೋ ಅಂತ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನೋಡಬಹುದು. ಮೊಮ್ಮಕ್ಕಳು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಪೋರ್ಟಲ್ ಹೆಸರನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ, ಬಾಕಿ ಇದ್ದರೆ ಅಲ್ಲೇ ಕಾಣುತ್ತದೆ. ಈಗಾಗಲೇ ಲಿಂಕ್ ಒತ್ತಿ ಕಾರ್ಡ್ ನಂಬರ್ ಇಲ್ಲವೇ ಓಟಿಪಿ ಕೊಟ್ಟಿದ್ದರೆ ಈ ಪುಟ ಕೆಳಗಿಟ್ಟು ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ನಿಮ್ಮ ಬ್ಯಾಂಕಿಗೆ.