ಹಳೆಯ ಫ್ರಿಜ್, ನಾದಿನಿಯ ಮುನಿಸು

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: “ಯಜಮಾನರು ನಿವೃತ್ತರಾದರು, ಹುಬ್ಬಳ್ಳಿಗೆ ಹೊರಟಿದ್ದೇವೆ. ಫ್ರಿಜ್ಜನ್ನು ಬದ್ಲಾಪುರದ ನಾದಿನಿಗೆ, ಸ್ಕೂಟರನ್ನು ಠಾಣೆಯಲ್ಲಿರುವ ಅಕ್ಕನ ಮಗನಿಗೆ ಪುಕ್ಕಟೆ ಕೊಟ್ಟೆ. ಎರಡೇ ತಿಂಗಳಲ್ಲಿ ಫ್ರಿಜ್ ಕೆಟ್ಟಿತು. ‘ಹಾಳಾದ್ದನ್ನು ನಮಗೆ ಸಾಗಹಾಕಿದಳು’ ಅಂತ ನಾದಿನಿ ಊರೆಲ್ಲ ಹೇಳುತ್ತಿದ್ದಾಳೆ. ಸ್ಕೂಟರಿನ ದಂಡದ ಚಲನ್ ನನ್ನ ಮೊಬೈಲಿಗೇ ಬರುತ್ತಿದೆ. ಕಪಾಟು ಇನ್ನೂ ಇದೆ. ಯಾರಿಗೂ ಏನೂ ಕೊಡಲೇಬಾರದೇ?”

ಕೊಡಬೇಕು ತಾಯಿ. ಆದರೆ ಮೊದಲು ಸ್ಕೂಟರಿನ ಕೆಲಸ ಮುಗಿಸಿ, ಹುಬ್ಬಳ್ಳಿಗೆ ಹೋದಮೇಲೆ ಕಷ್ಟ. ನೆಂಟರಿಗೆ ಪುಕ್ಕಟೆ ಕೊಟ್ಟರೂ ಕಾನೂನಿಗೆ ಅದು ಮಾಲೀಕತ್ವದ ವರ್ಗಾವಣೆಯೇ. ಒಂದೇ ರಾಜ್ಯದೊಳಗೆ ಕೊಟ್ಟವರು 14 ದಿನದಲ್ಲಿ, ಪಡೆದವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಫಾರ್ಮ್ 29 ಮತ್ತು 30 ಅದಕ್ಕೇ ಇರುವುದು. ಅವಧಿ ಮೀರಿದ್ದರೂ ಈಗಲಾದರೂ ಮಾಡಿಸಿ. ಚಲನ್ ಸಣ್ಣ ಮಾತು. ಹುಡುಗ ಯಾರಿಗಾದರೂ ಗುದ್ದಿದರೆ ಏನು ಗತಿ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನೂ ಅವನ ಹೆಸರಿಗೆ ಮಾಡಿಸಲು ಹೇಳಿ. ಅಕ್ಕನ ಮಗನ ಹತ್ತಿರ ಕಾಗದದ ಮಾತೆತ್ತಲು ಸಂಕೋಚ ಪಡಬೇಡಿ, ಇದರಲ್ಲಿ ಅವನ ಹಿತವೂ ಇದೆ.

ಫ್ರಿಜ್ಜಿನ ವಿಷಯದಲ್ಲಿ ನಿಮ್ಮ ಮನಸ್ಸು ಒಳ್ಳೆಯದೇ ಇತ್ತು, ಅನುಮಾನವಿಲ್ಲ. ಅದು ಟೆಂಪೋದಲ್ಲಿ ನಿಂತು ಹೋಯಿತೋ ಮಲಗಿ ಹೋಯಿತೋ, ನೀವು ಬರೆದಿಲ್ಲ. ಮಲಗಿಸಿ ಒಯ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಮನೆ ಮುಟ್ಟಿದ ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಬೇಕು. ಬಾಗಿಲಿನ ರಬ್ಬರೂ ಅಷ್ಟೇ: ನೋಟೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ, ಎಳೆದರೆ ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಸಡಿಲ ಎಂದರ್ಥ. ತಂಪು ಸೋರುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಇಂಥದ್ದನ್ನೆಲ್ಲ ಕೊಡುವಾಗಲೇ ಹೇಳಿದ್ದರೆ ಇವತ್ತು ನಾದಿನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವರಿಗೆ ಫ್ರಿಜ್ ಬೇಕಿತ್ತೇ? “ಕೊಡ್ತೀನಿ” ಅಂತ ಅತ್ತಿಗೆ ಅಂದಮೇಲೆ “ಬೇಡ” ಅನ್ನುವುದು ಸುಲಭವಲ್ಲ. ಮುಂಬಯಿಯ ಒಂದು ಕೋಣೆ-ಅಡುಗೆಮನೆಯ ಸಂಸಾರದಲ್ಲಿ ಹೊಸ ಸಾಮಾನು ಬಂದರೆ ಹಳೆಯದೊಂದು ಹೊರಡಬೇಕು. ಟೆಂಪೋ ಬಾಡಿಗೆ, ಹಮಾಲರ ಕೂಲಿ ಯಾರು ಕೊಟ್ಟರು? ನಾದಿನಿಯೇ ಕೊಟ್ಟಿದ್ದರೆ ಅದು ಅವರ ಪಾಲಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ಅವರ ಮಾತು ಒರಟು, ನಿಜ. ಆದರೂ ಆ ಖರ್ಚಿನ ಹೊಟ್ಟೆಯುರಿ ಅದರಲ್ಲಿದೆ.

ಹಾಗಾಗಿ ಕಪಾಟು ಕೊಡುವ ಮುಂಚೆ ಅದರ ಫೋಟೋ ಕಳಿಸಿ. ಅಗಲ, ಎತ್ತರ, ತುಕ್ಕು ಹಿಡಿದ ಕಡೆ, ತಿರುಗದ ಬೀಗ ಎಲ್ಲವನ್ನೂ ಬರೆಯಿರಿ. “ಬೇಡವಾದರೆ ಬೇಡ ಅನ್ನಿ, ನನಗೇನೂ ಬೇಜಾರಿಲ್ಲ” ಅಂತ ನೀವೇ ಮೊದಲು ಹೇಳಿ. ಒಪ್ಪಿದರೆ ಸಾಗಿಸುವ ಖರ್ಚು ನೀವೇ ಹೊರಿ. ಯಾರೂ ಒಪ್ಪದಿದ್ದರೆ ಭಂಗಾರ್‌ವಾಲಾನನ್ನು, ಅಂದರೆ ಗುಜರಿಯವನನ್ನು ಕರೆಯಿರಿ. ಕಬ್ಬಿಣಕ್ಕೆ ಬೆಲೆ ಇದ್ದೇ ಇದೆ.

ನಾದಿನಿಗೆ ರಿಪೇರಿ ದುಡ್ಡು ಕಳಿಸಬೇಡಿ, ಕಳಿಸಿದರೆ ತಪ್ಪು ನಿಮ್ಮದೇ ಎಂದಾಗುತ್ತದೆ. ಫೋನ್ ಮಾಡಿ, “ರಿಪೇರಿ ಮಾಡಿಸಲು ಮನಸ್ಸಿಲ್ಲದಿದ್ದರೆ ಎಕ್ಸ್‌ಚೇಂಜಿಗೆ ಹಾಕಿಬಿಡಿ, ಬಂದ ದುಡ್ಡು ನಿಮಗೇ” ಅನ್ನಿ. ಎಕ್ಸ್‌ಚೇಂಜ್ ಆಗದಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಸಂಸ್ಥೆಗೆ ಕೊಡಲಿ. ಫ್ರಿಜ್ಜಿನೊಳಗೆ ಗ್ಯಾಸ್ ಇರುತ್ತದೆ, ಕಂಡಕಂಡಲ್ಲಿ ಒಡೆಯಬಾರದು. ಊರಿಗೆ ಹೊರಡುವ ಮುಂಚೆ ಬದ್ಲಾಪುರಕ್ಕೆ ಒಮ್ಮೆ ಹೋಗಿ ಬನ್ನಿ.

— ಸಂಪಾದಕ