ಆರು ವಾರಕ್ಕೆ ಮಗುವನ್ನು ಒಪ್ಪಿಸುವ ಮುನ್ನ

ಬೆಂಗಳೂರಿನ ಓದುಗರೊಬ್ಬರ ಪತ್ರ: "ನನ್ನ ಮಗಳಿಗೆ 14 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಅವಳನ್ನು ಅತ್ತೆಯವರೇ ನೋಡಿಕೊಳ್ಳುತ್ತಿದ್ದಾರೆ. ಮುಂದಿನ ತಿಂಗಳು ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆ. ಆರು ವಾರಗಳ ಮಟ್ಟಿಗೆ ಪರಿಚಿತರ ಮೂಲಕ ಒಬ್ಬ ಮಹಿಳೆಯನ್ನು ಗೊತ್ತುಮಾಡಿದ್ದೇವೆ. ಕ್ಯಾಮೆರಾ ಹಾಕಿಸಿದರೆ ಸಾಕು ಎಂದು ಪತಿ ಹೇಳುತ್ತಾರೆ. ಹೊರಗಿನವರು ಅಡುಗೆಮನೆಗೆ ಬರುವುದು ಅತ್ತೆಯವರಿಗೆ ಇಷ್ಟವಿಲ್ಲ. ಮನೆಯನ್ನು ಹೇಗೆ ಅಣಿಮಾಡಬೇಕು?"

ಸೋದರಿ,

ಅವಧಿ ಚಿಕ್ಕದಾದ್ದರಿಂದ ಸಿದ್ಧತೆಯೂ ಕಡಿಮೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ವರ್ಷಗಟ್ಟಲೆ ಇರುವವರು ಮನೆಯ ರೀತಿಯನ್ನೂ ಮಗುವಿನ ಹಟವನ್ನೂ ನಿಧಾನವಾಗಿ ಕಲಿತುಕೊಳ್ಳುತ್ತಾರೆ. ಆರು ವಾರಕ್ಕೆ ಬರುವವರಿಗೆ ಆ ಕಾಲಾವಕಾಶ ಇರುವುದಿಲ್ಲ. ಆದ್ದರಿಂದ ನಿಮ್ಮ ಅತ್ತೆಯವರ ಮನಸ್ಸಿನಲ್ಲಿ ಇರುವುದೆಲ್ಲವೂ ಅವರು ಆಸ್ಪತ್ರೆಗೆ ಹೋಗುವ ಮೊದಲೇ ಆ ಮಹಿಳೆಗೆ ತಲುಪಬೇಕು. ಶಸ್ತ್ರಚಿಕಿತ್ಸೆಗೆ ಒಂದು ವಾರ ಮುಂಚಿತವಾಗಿಯೇ, ಪೂರ್ಣ ಸಂಬಳ ಕೊಟ್ಟು, ಅವರನ್ನು ಬರಹೇಳಿ.

ಆ ವಾರದ ಮೊದಲ ದಿನಗಳಲ್ಲಿ ಅತ್ತೆಯವರು ಎಂದಿನಂತೆ ಮಗುವನ್ನು ನೋಡಿಕೊಳ್ಳಲಿ, ಬಂದವರು ಜೊತೆಗಿದ್ದು ಗಮನಿಸಲಿ. ಅನಂತರ ಇದು ತಿರುಗುಮುರುಗಾಗಲಿ. ರಾಗಿ ಸರಿ ಎಷ್ಟು ತೆಳ್ಳಗಿದ್ದರೆ ಮಗು ನುಂಗುತ್ತದೆ, ನಿದ್ದೆ ಬಂದಾಗ ಕಿವಿ ಹಿಡಿದುಕೊಳ್ಳುತ್ತದೆಯೋ ಕಣ್ಣುಜ್ಜುತ್ತದೆಯೋ, ಯಾವ ಅಳು ಹಸಿವಿನದು, ಯಾವುದು ಬರಿಯ ಹಟ ಎಂಬಂಥ ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು, ಕಣ್ಣಾರೆ ಕಂಡರೇ ತಿಳಿಯುವುದು. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಮಕ್ಕಳು ಹೊಸಬರನ್ನು ಕಂಡು ಅಳುವುದು, ತಾಯಿ ಮರೆಯಾದರೆ ಕಂಗೆಡುವುದು ಸಹಜ ಬೆಳವಣಿಗೆ. ನಿಮ್ಮ ಮಗಳು ಮೊದಲ ದಿನ ಅತ್ತರೆ ಬಂದವರಲ್ಲಿ ದೋಷವಿದೆ ಎಂದು ತಿಳಿಯಬೇಡಿ. ಮಗುವಿನ ಕಣ್ಣು ತಪ್ಪಿಸಿ ಹೊರಡಲೂಬೇಡಿ. ಹೇಳಿ, ಮುತ್ತಿಟ್ಟು, ತಡಮಾಡದೆ ಹೊರಡಿ.

ನೀವು ಬರೆಯದಿದ್ದರೂ ನನಗೆ ಎಲ್ಲಕ್ಕಿಂತ ಕಠಿಣವಾಗಿ ತೋರುವುದು ಅತ್ತೆಯವರು ಮನೆಗೆ ಮರಳಿದ ಮೇಲಿನ ದಿನಗಳು. ಅಜ್ಜಿ ಪಕ್ಕದ ಕೋಣೆಯಲ್ಲೇ ಇದ್ದಾರೆ, ಆದರೆ ಎತ್ತಿಕೊಳ್ಳುತ್ತಿಲ್ಲ ಎಂಬುದು 14 ತಿಂಗಳ ಮಗುವಿಗೆ ಅರ್ಥವಾಗದು. ಅದು ಓಡಿಹೋಗಿ ನೋಯುವ ಕಾಲಿನ ಮೇಲೆಯೇ ಏರಲು ನೋಡುತ್ತದೆ. ದಿನಕ್ಕೆರಡು ಬಾರಿ, ಗೊತ್ತಾದ ಹೊತ್ತಿನಲ್ಲಿ, ಅತ್ತೆಯವರು ಕುರ್ಚಿಯಲ್ಲಿ ಕುಳಿತಿರುವಾಗ ಆ ಮಹಿಳೆಯೇ ಮಗುವನ್ನು ಪಕ್ಕದಲ್ಲಿ ಕೂರಿಸಿ, ಹಾಡೋ ಆಟವೋ ನಡೆಯಲಿ. ಉಳಿದ ವೇಳೆಯಲ್ಲಿ ಮಗುವಿನ ವಿಷಯದಲ್ಲಿ ಆ ಮಹಿಳೆಯ ಮಾತು ನಡೆಯಬೇಕು. ಮಲಗಿದಲ್ಲಿಂದ ಒಬ್ಬರು, ಫೋನಿನಲ್ಲಿ ಇನ್ನೊಬ್ಬರು ಆಜ್ಞೆ ಕೊಡುತ್ತಿದ್ದರೆ ಎಷ್ಟು ಒಳ್ಳೆಯವರಾದರೂ ಕೈಕಟ್ಟಿದಂತಾಗುತ್ತದೆ. ಈ ಮಾತನ್ನು ಅತ್ತೆಯವರಿಗೆ ನಿಮ್ಮ ಪತಿಯೇ ಹೇಳುವುದು ಲೇಸು.

ಅಡುಗೆಮನೆಯ ವಿಷಯದಲ್ಲಿ ನಾನು ಸ್ಪಷ್ಟವಾಗಿಯೇ ಬರೆಯುತ್ತೇನೆ. ಮಗುವಿಗೆ ಉಣಿಸುವ ಕೈ ಅಡುಗೆಮನೆಗೆ ಸಲ್ಲದು ಎಂಬುದು ನ್ಯಾಯವಲ್ಲ. ಅವರಿಗೆಂದು ಬೇರೆ ಲೋಟ ತಟ್ಟೆ ಇಡುವುದೂ ಸಲ್ಲದು. ಮಗುವಿನ ಪಾತ್ರೆ, ಸರಿಹಿಟ್ಟು, ಬೇಳೆ, ತುಪ್ಪಗಳನ್ನು ಕೈಗೆಟಕುವ ಒಂದೇ ಕಪಾಟಿಗೆ ತಂದಿಟ್ಟರೆ ಅತ್ತೆಯವರ ಡಬ್ಬಿಗಳು ಇದ್ದಲ್ಲೇ ಇರುತ್ತವೆ, ಅವರ ಅಸಮಾಧಾನವೂ ಬಹುಮಟ್ಟಿಗೆ ಕಡಿಮೆಯಾದೀತು.

ಅಪಾಯಗಳಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಬಚ್ಚಲಿನ ತುಂಬಿದ ಬಕೆಟ್. ಈ ವಯಸ್ಸಿನ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು. ಸ್ವಲ್ಪವೇ ನೀರಿದ್ದರೂ ಜೀವಕ್ಕೆ ಅಪಾಯ. ನೀರು ಚೆಲ್ಲಿ ಬಕೆಟ್ ಬೋರಲಿಡಿ, ಬಚ್ಚಲಿಗೆ ಮೇಲೊಂದು ಚಿಲಕ ಹಾಕಿಸಿ. ಇಡೀ ಕಡಲೆಬೀಜ, ದ್ರಾಕ್ಷಿ ಕೊಡಕೂಡದೆಂದು ತಿಳಿಸಿ. ನಿಮ್ಮನ್ನು ಕೇಳದೆ ಯಾವ ಔಷಧವನ್ನೂ, ಜ್ವರದ್ದನ್ನು ಸಹ, ಹಾಕಬಾರದೆಂದೂ ಹೇಳಿ. ನಿಮ್ಮಿಬ್ಬರ, ಮಕ್ಕಳ ವೈದ್ಯರ, ನೆರೆಮನೆಯವರ ಫೋನ್ ನಂಬರುಗಳ ಜೊತೆಗೆ 108 ಮತ್ತು 112ನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದು ಎಲ್ಲೆಲ್ಲಿದೆ ಎಂದು ಅವರಿಗೆ ಮೊದಲೇ ಹೇಳಿರಬೇಕು, ಬಟ್ಟೆ ಬದಲಿಸುವ ಹಾಗೂ ವಿಶ್ರಾಂತಿ ಪಡೆಯುವ ಜಾಗದಲ್ಲಿ ಇರಲೇಕೂಡದು. ಅವರ ಗುರುತಿನ ಚೀಟಿ, ವಿಳಾಸ, ಮನೆಯವರೊಬ್ಬರ ಫೋನ್ ನಂಬರು ಪಡೆದು, ಹಿಂದೆ ಕೆಲಸ ಮಾಡಿದ ಮನೆಯವರೊಂದಿಗೆ ಮಾತನಾಡುವುದರಿಂದ ಕ್ಯಾಮೆರಾಕ್ಕಿಂತ ಹೆಚ್ಚು ತಿಳಿಯುತ್ತದೆ.

ಅವರು ಒಂದು ದಿನ ಬಾರದಿದ್ದರೆ ಏನು ಮಾಡುವುದೆಂದೂ ಈಗಲೇ ಯೋಚಿಸಿ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಲ್ಪಿಸಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ನಿಮ್ಮ ಕಚೇರಿಯಲ್ಲಿ ಈ ಬಗ್ಗೆ ಇಂದೇ ವಿಚಾರಿಸಿ.

ಕೆಲಸದ ವೇಳೆ, ವಾರದ ರಜೆ, ಸಂಬಳದ ದಿನ, ಪಾತ್ರೆ ಬಟ್ಟೆಯ ಕೆಲಸ ಅವರದ್ದಲ್ಲ ಎಂಬುದು, ಇವೆಲ್ಲ ಮೊದಲೇ ಮಾತಾಗಿರಲಿ. ಕೊನೆಯ ವಾರ ಅತ್ತೆಯವರು ಚೇತರಿಸಿಕೊಂಡಂತೆ ಆ ಮಹಿಳೆಯ ವೇಳೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಆದರೆ ಒಪ್ಪಿಕೊಂಡ ಸಂಬಳವನ್ನು ಇಳಿಸಬೇಡಿ. ಮಂಡಿ ಗುಣವಾಗುವುದು ಒಂದೆರಡು ವಾರ ತಡವಾದರೂ ಆದೀತು. ಅಂಥ ಸಂದರ್ಭದಲ್ಲಿ ಮುಂದುವರಿಯಲು ಅವರಿಗೆ ಸಾಧ್ಯವೇ ಎಂದು ನಾಲ್ಕನೆಯ ವಾರದಲ್ಲಿಯೇ ಕೇಳಿಟ್ಟುಕೊಳ್ಳಿ.

— ಸಂಪಾದಕ